ಆರನೇ ಫರ್ಮಾ

ಜೂನ್ 9

ಚೋಟು,

ಭಾನುವಾರ ಫೋನಿನಲ್ಲಿ ನೀನು ಏನೋ ಕೇಳಿದೆ. ನಾನು "ಹೂಂ, ಮಳೆ ಇನ್ನೂ ಬಂದಿಲ್ಲ" ಅಂದೆ. ಫೋನ್ ಇಟ್ಟ ಮೇಲೆ ನಿನ್ನ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅವಳು ಕೇಳಿದ್ದು ಪುಸ್ತಕದ ಬಗ್ಗೆ ರೀ! ದುಡ್ಡಿನ ವ್ಯವಹಾರ ಕಲಿಯೋಕೆ ಯಾವ ಪುಸ್ತಕ ಓದ್ಲಿ ಅಂತ. ನೀವು ಮಳೆ ಅಂತೀರಿ."

ಜೀವನವಿಡೀ ಕಾಗದ ಕತ್ತರಿಸುವ ಯಂತ್ರದ ಪಕ್ಕ ನಿಂತು ಪುಸ್ತಕ ಕಟ್ಟಿದವನ ಕಿವಿ ಇನ್ನು ಹೇಗಿರುತ್ತೆ? ಅದಕ್ಕೇ ಈ ಕಾಗದ. ಅದೂ ಅಲ್ಲದೆ ದುಡ್ಡಿನ ಮಾತು ಫೋನಿನಲ್ಲಿ ಆಡಿದರೆ ನೀನೂ ಕೂಗಬೇಕು, ನಾನೂ ಕೂಗಬೇಕು, ಕೆಳಗಿನ ಮನೆಯ ದರ್ಜಿ ಮಷಿನ್ ನಿಲ್ಲಿಸಿ ಕಿವಿ ಕೊಡಬೇಕು. ಬೇಡ.

ಮೊದಲು ಒಂದು ಪ್ರಶ್ನೆ. ಯಾಕೆ? ನಿನ್ನ ಅಮ್ಮ ಬಿಟ್ಟುಹೋದ ಠೇವಣಿಯ ಅವಧಿ ಅಕ್ಟೋಬರಿನಲ್ಲಿ ಮುಗಿಯುತ್ತೆ. ಜೂನಿನಲ್ಲಿ ನಿನಗೆ ದುಡ್ಡಿನ ಪುಸ್ತಕ ಬೇಕಾಗುತ್ತೆ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಮನುಷ್ಯ. ಆ ಠೇವಣಿ ನಿನ್ನ, ನನ್ನ ಇಬ್ಬರ ಹೆಸರಿನಲ್ಲಿದೆ, ಇಬ್ಬರೂ ಸಹಿ ಹಾಕದೆ ಅಲುಗುವುದಿಲ್ಲ. ನನ್ನ ತಂಗಿ ಹಾಗೆ ಬರೆಸಿದ್ದೇ ನಿನ್ನಂಥ ಸಣ್ಣ ವಯಸ್ಸಿನವರ ಕಿವಿ ಊದುವವರು ಎಲ್ಲಾ ಕಡೆ ಇರುತ್ತಾರೆ ಅಂತ. ಯಾರಾದರೂ ಊದಿದ್ದಾರಾ? ಊದಿದ್ದರೆ ಹೇಳಿಬಿಡು, ಬೈಯುವುದಿಲ್ಲ. ಸ್ವಲ್ಪ ಬೈಯುತ್ತೇನೆ.

ಇನ್ನು ಪುಸ್ತಕ. ನಾನು ಶಾಲೆಯಲ್ಲಿ ಹೆಚ್ಚು ದಿನ ಕೂತವನಲ್ಲ. ಆದರೆ ಅಂಟು ಒಣಗುವವರೆಗೆ ಬೇರೆ ಕೆಲಸವಿರುತ್ತಿರಲಿಲ್ಲ, ಕೈಗೆ ಬಂದದ್ದನ್ನೆಲ್ಲ ಓದಿದೆ. ಹಾಗಾಗಿ ಹೇಳುತ್ತೇನೆ, ಕೇಳು: ರಟ್ಟು ನೋಡಬೇಡ, ಅಂಚು ನೋಡು. ಗ್ರಂಥಾಲಯದಲ್ಲಿ ದುಡ್ಡಿನ ಪುಸ್ತಕಗಳ ಸಾಲಿಗೆ ಹೋಗಿ ಒಂದೊಂದನ್ನೇ ಮುಚ್ಚಿ ಹಿಡಿ. ಮೊದಲ ಕಾಲು ಭಾಗದ ಅಂಚು ಕಪ್ಪಾಗಿ, ಉಳಿದದ್ದು ಹೊಸ ಬಟ್ಟೆಯಂತೆ ಬೆಳ್ಳಗಿದ್ದರೆ ಅದು ಆಸೆ ಹುಟ್ಟಿಸಿ ಕೈಬಿಟ್ಟ ಪುಸ್ತಕ. ಅಂಚೆಲ್ಲ ಒಂದೇ ಸಮ ಕೊಳೆಯಾಗಿದ್ದರೆ ಜನ ಕೊನೆವರೆಗೂ ಓದಿದ್ದಾರೆ, ಅದನ್ನು ತಗೋ. ಆಮೇಲೆ ಹಿಂಬದಿ ಪುಟ ತೆಗಿ. ಬರೆದವನು ಅಲ್ಲಿ ತರಗತಿ, ಯೋಜನೆ, ಸದಸ್ಯತ್ವ ಅಂತ ಏನಾದರೂ ಮಾರುತ್ತಿದ್ದಾನಾ? ಮಾರುತ್ತಿದ್ದರೆ ಪುಸ್ತಕ ಬರೀ ಅಂಗಡಿಯ ಬಾಗಿಲು. ನಷ್ಟ ಎಂಬ ಮಾತನ್ನು ಎಲ್ಲಾದರೂ ಎತ್ತಿದ್ದಾನಾ ಹುಡುಕು. ಮುದ್ರಣದ ವರ್ಷವನ್ನೂ ನೋಡು. ತೆರಿಗೆ, ಬಡ್ಡಿ ಇವೆಲ್ಲ ಹಾಲಿನ ಹಾಗೆ, ಬೇಗ ಹಳಸುತ್ತವೆ.

ಮೊದಲು ಮನೆಖರ್ಚಿನ ಪುಸ್ತಕ ಓದು, ಷೇರಿನದ್ದಲ್ಲ. ಸಂಬಳ ಎಲ್ಲಿ ಸೋರುತ್ತೆ ಅಂತ ತಿಳಿಯದವಳು ಷೇರು ಕಲಿತರೆ ಸೋರುವುದಕ್ಕೆ ಇನ್ನೊಂದು ತೂತು, ಅಷ್ಟೇ. ಬೆಲೆ ಯಾಕೆ ಏರುತ್ತೆ, ಬ್ಯಾಂಕು ನಮ್ಮ ದುಡ್ಡನ್ನು ಏನು ಮಾಡುತ್ತೆ ಅಂತ ತಿಳಿಯಬೇಕಾದರೆ ಹಳೇ ಪುಸ್ತಕದಂಗಡಿಯಲ್ಲಿ ಹೈಸ್ಕೂಲಿನ ಅರ್ಥಶಾಸ್ತ್ರದ ಪಠ್ಯ ಸಿಗುತ್ತೆ. ನಾಚಿಕೆ ಪಡದೆ ಓದು. ನಾನು ಅದನ್ನೇ ಓದಿದ್ದು.

ಯಾಕೆ ಅಂತ ಬರಿ.

ನಿನ್ನ ಮಾವ

*

ಜೂನ್ 24

ಮಾವ,

ನಿಮಗೂ ಅತ್ತೆಗೂ ನಮಸ್ಕಾರ. ಕಾಗದ ಬಂತು. ನಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. "ಸ್ವಲ್ಪ ಬೈಯುತ್ತೇನೆ" ಅಂದಲ್ಲಿ ಎಲ್ಲರೂ ನಕ್ಕರು.

ಯಾರೂ ಕಿವಿ ಊದಿಲ್ಲ ಮಾವ. ನಾವು ಕನ್ನಡಕದ ಗಾಜು ತಿಕ್ಕುವ ವಿಭಾಗದವರು ಎಂಟು ಜನ ಹೆಂಗಸರು ಮಧ್ಯಾಹ್ನ ಒಟ್ಟಿಗೆ ಓದುತ್ತೇವೆ. ಶುರು ಮಾಡಿದ್ದು ಸ್ಟೋರಿನಕ್ಕ. ಗಾಜಿನ ಬಿಲ್ಲೆ, ಪಾಲಿಶ್ ಪುಡಿ ಎಲ್ಲದರ ಬೀಗದ ಕೈ ಅವರ ಹತ್ತಿರ. ಹೋದ ವರ್ಷ ನಮ್ಮಲ್ಲೊಬ್ಬಳು ಯಾವುದೋ ಸ್ಕೀಮಿಗೆ ಕಟ್ಟಿ ಕಳೆದುಕೊಂಡು ಅತ್ತಳು. ಆಗ ಸ್ಟೋರಿನಕ್ಕ, "ಅತ್ತಿದ್ದು ಸಾಕು, ಓದೋಣ" ಅಂತ ಒಂದು ಹಳದಿ ರಟ್ಟಿನ ಪುಸ್ತಕ ತಂದರು. ಓದಿದ್ದನ್ನು ಒಬ್ಬೊಬ್ಬರು ಉಳಿದವರಿಗೆ ಹೇಳಬೇಕು. ನನ್ನ ಪಕ್ಕದವಳು ವಿಮೆಯ ಪಾಠ ಹೇಳಿದ ದಿನ ಗಂಡನಿಗೆ ಫೋನ್ ಮಾಡಿ, "ನಿಮಗೇನಾದ್ರೂ ಆದ್ರೆ ನಂಗೆ ಎಷ್ಟು ಬರುತ್ತೆ?" ಅಂತ ಕೇಳಿದಳು. ಪಾಪ, ಅವರು ರಜೆ ಹಾಕಿ ಮನೆಗೆ ಓಡಿ ಬಂದರಂತೆ.

ಮಾವ, ಒಂದು ಕೇಳಲಾ? ಠೇವಣಿಯ ರಸೀದಿಯ ನಕಲು ಒಂದು ಕಳಿಸುತ್ತೀರಾ? ಬಡ್ಡಿ ಎಷ್ಟಿದೆ ನೋಡಬೇಕಿತ್ತು.

ನಿಮ್ಮ
ಚೋಟು

*

ಜುಲೈ 5

ಚೋಟು,

ವಿಮೆಯ ಕತೆಗೆ ನಿನ್ನ ಅತ್ತೆ ಇನ್ನೂ ನಗುತ್ತಿದ್ದಾಳೆ. ನಡುನಡುವೆ ನನ್ನನ್ನು ಒಂಥರಾ ನೋಡುತ್ತಿದ್ದಾಳೆ, ಅದು ನನಗೆ ಹಿಡಿಸುತ್ತಿಲ್ಲ.

ಈಗ ಈ ಸ್ಟೋರಿನಕ್ಕ. ಯಾರು ಆಕೆ? ಸಂಬಳಕ್ಕೆ ದುಡಿಯುವ ಹೆಂಗಸು ಊಟದ ಹೊತ್ತು ಬಿಟ್ಟು ಏಳು ಜನಕ್ಕೆ ಬಿಟ್ಟಿ ಪಾಠ ಹೇಳಿಸುತ್ತಾಳೆ ಅಂದರೆ ಅವಳಿಗೇನು ಲಾಭ? ಪುಸ್ತಕ ಕೊಟ್ಟವರು ಯಾರು ಅವಳಿಗೆ? ಕಳೆದುಕೊಂಡವಳು ಯಾವ ಸ್ಕೀಮಿಗೆ ಕಟ್ಟಿದ್ದಳು, ಅದನ್ನು ಅವಳಿಗೆ ಹೇಳಿದ್ದು ಯಾರು? ಒಳ್ಳೆಯವರೇ ಇರಬಹುದು, ನಾನು ಇಲ್ಲ ಅನ್ನುವುದಿಲ್ಲ. ಮೋಸ ಮಾಡುವವರು ಮೊದಲ ದಿನವೇ ಕೈ ಚಾಚುವುದಿಲ್ಲ, ಕಲಿಸುತ್ತಾರೆ. ಕಲಿಸಿದವರನ್ನು ಅನುಮಾನಿಸಲು ನಮಗೆ ನಾಚಿಕೆ. ಆ ನಾಚಿಕೆಯೇ ಅವರ ಬಂಡವಾಳ.

ನಮ್ಮ ಬೀದಿಯ ಗಡಿಯಾರದವನು ಹೀಗೇ ಒಂದು ಬಳಗ ಸೇರಿದ್ದ. ಪ್ರತಿ ವಾರ ಯಾರೋ ಬಂದು ಹಣದುಬ್ಬರ, ಚಕ್ರಬಡ್ಡಿ ಅಂತ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದರಂತೆ. ಎಲ್ಲವೂ ನಿಜವಾದ ಪಾಠವೇ. ಕೊನೆಯ ವಾರ ಮಾತ್ರ ಒಂದು ಅರ್ಜಿ ಕೊಟ್ಟರು. ಈಗ ಅವನು ತನ್ನ ಅಂಗಡಿಯಲ್ಲೇ ಬಾಡಿಗೆಗೆ ಇದ್ದಾನೆ.

ಆ ಹಳದಿ ಪುಸ್ತಕವನ್ನು ನನಗೆ ಕಳಿಸು. ನೋಡಿ ವಾಪಸ್ ಮಾಡುತ್ತೇನೆ. ಯಾರು ಅಚ್ಚು ಹಾಕಿದ್ದು, ಯಾರು ಕಟ್ಟಿದ್ದು ನನ್ನ ಕೈಗೆ ಬಂದರೆ ಗೊತ್ತಾಗುತ್ತೆ. ಕಳಿಸುವುದಕ್ಕೆ ಆಕೆ ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ನೀನು ಇನ್ನೇನೋ ಕೇಳಿದ್ದೆ. ಈಗ ನೆನಪಾಗುತ್ತಿಲ್ಲ. ಇಲ್ಲಿ ಅಂತೂ ಮಳೆ ಶುರುವಾಯಿತು.

ನಿನ್ನ ಮಾವ

*

ಆಗಸ್ಟ್ 2

ಮಾವ,

ಪುಸ್ತಕ ಕಳಿಸಿದ್ದೇನೆ. ಬೇಗ ವಾಪಸ್ ಬೇಕು, ಎಲ್ಲರೂ ಕಾಯುತ್ತಿದ್ದಾರೆ. ಸ್ಟೋರಿನಕ್ಕ ಹಿಂದೆಮುಂದೆ ನೋಡಲಿಲ್ಲ. "ಮಾವ ಬೈಂಡರ್ರಾ? ಹಾಗಾದ್ರೆ ಒಂದು ಒಳ್ಳೇ ರಟ್ಟು ಹಾಕಿ ಕೊಡ್ತಾರಾ ಕೇಳು" ಅಂದರು.

ನವೆಂಬರಿನಲ್ಲಿ ಕಣ್ಣು ಪರೀಕ್ಷೆಯ ಕೋರ್ಸ್ ಶುರುವಾಗುತ್ತೆ. ಗಾಜು ತಿಕ್ಕುವುದನ್ನು ಬಿಟ್ಟು ಯಾರಿಗೆ ಯಾವ ಗಾಜು ಅಂತ ನೋಡುವ ಕೆಲಸಕ್ಕೆ ಹೋಗಬಹುದು. ಠೇವಣಿಯಲ್ಲಿ ಒಂದು ಭಾಗ ತೆಗೆದು ಸೇರುವ ಯೋಚನೆ ಇದೆ. ಅಕ್ಟೋಬರಿನಲ್ಲಿ ನಾವು ಏನೂ ಹೇಳದಿದ್ದರೆ ಬ್ಯಾಂಕಿನವರು ತಾವಾಗಿಯೇ ಇನ್ನೈದು ವರ್ಷಕ್ಕೆ ಮುಂದುವರಿಸುತ್ತಾರಂತೆ. ಹೌದಾ?

ರಸೀದಿಯ ನಕಲು ಕೇಳಿದ್ದೆ. ಮರೆತಿರಬೇಕು.

ಚೋಟು

*

ಆಗಸ್ಟ್ 14

ಚೋಟು,

ಕೂತುಕೊಂಡು ಓದು.

ಪುಸ್ತಕ ಬಂದ ದಿನವೇ ಮೇಜಿನ ಮೇಲೆ ದೀಪದ ಕೆಳಗಿಟ್ಟು ಬೆನ್ನು ಮುಟ್ಟಿ ನೋಡಿದೆ. ನನಗೆ ತಿಳಿದುಹೋಯಿತು. ಪುಸ್ತಕ ಕಟ್ಟುವುದು ಹೇಗೆ ಅಂತ ನೀನು ಚಿಕ್ಕವಳಿದ್ದಾಗ ತೋರಿಸಿದ್ದೇನೆ, ನೆನಪಿದೆಯಾ? ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ, ಅದು ಒಂದು ಫರ್ಮಾ. ಅಂಥ ಎಂಟು ಫರ್ಮಾ ಸೇರಿಸಿ ದಾರದಲ್ಲಿ ಹೊಲಿದರೆ ನಿನ್ನ ಹಳದಿ ಪುಸ್ತಕ. ಇದರಲ್ಲಿ ಹೊಲಿಗೆಯೇ ಇಲ್ಲ! ಯಾರೋ ದಾರವನ್ನೆಲ್ಲ ಬ್ಲೇಡಿನಿಂದ ಕೊಯ್ದು, ಮತ್ತೆ ಕಚೇರಿಯ ಗೋಂದು ಬಳಿದು ಅಂಟಿಸಿದ್ದಾರೆ. ಎಂಬತ್ತನೇ ಪುಟ ಆದ ಮೇಲೆ ತೊಂಬತ್ತೇಳು. ಆರನೇ ಫರ್ಮಾ ಪೂರ್ತಿ ಮಾಯ.

ಓದುವವರು ಪುಟ ಹರಿಯುತ್ತಾರೆ, ಮಕ್ಕಳು ಹರಿಯುತ್ತಾರೆ, ಇಲಿ ತಿನ್ನುತ್ತೆ. ಒಂದು ಫರ್ಮಾವನ್ನು ಮಾತ್ರ ಇಷ್ಟು ನಯವಾಗಿ ಎತ್ತಬೇಕಾದರೆ ಗೊತ್ತಿದ್ದೇ ಎತ್ತಬೇಕು. ಪರಿವಿಡಿ ಹರಿಯುವುದನ್ನು ಮಾತ್ರ ಮರೆತಿದ್ದಾರೆ. ಎಂಬತ್ತೊಂದನೇ ಪುಟದ ಅಧ್ಯಾಯದ ಹೆಸರು ಏನು ಗೊತ್ತಾ? "ಯಾರನ್ನು ನಂಬಬೇಕು?"

ನೀನೇ ಹೇಳು. ಉಳಿತಾಯ ಇದೆ, ಸಾಲ ಇದೆ, ವಿಮೆ ಇದೆ, ಬೆಲೆಯೇರಿಕೆ ಇದೆ. ಯಾರನ್ನು ನಂಬಬೇಕು ಅನ್ನುವುದೊಂದೇ ಇಲ್ಲ. ಅದನ್ನು ನೀವು ಓದಿದರೆ ಯಾರಿಗೆ ತೊಂದರೆ? ಬೀಗದ ಕೈ ಯಾರ ಹತ್ತಿರ?

ಒಂದು ಮಾತು ಒಪ್ಪುತ್ತೇನೆ, ಪುಸ್ತಕ ಒಳ್ಳೆಯದು. ಬರೆದವನು ಏನೂ ಮಾರುತ್ತಿಲ್ಲ, "ಇದು ನನಗೆ ಗೊತ್ತಿಲ್ಲ, ತಿಳಿದವರನ್ನು ಕೇಳಿ" ಅಂತ ಎರಡು ಕಡೆ ಬರೆದಿದ್ದಾನೆ. ಅಂಥ ಪುಸ್ತಕ ಸಿಗುವುದು ಅಪರೂಪ. ಒಳ್ಳೆಯ ಪುಸ್ತಕದ ಮರೆಯಲ್ಲಿ ನಿಂತರೆ ಯಾರು ಅನುಮಾನಿಸುತ್ತಾರೆ? ಅದೇ ಆಕೆಯ ಜಾಣತನ.

ನಿನ್ನ ಅತ್ತೆ ತಡೆದಳು. "ಮೊದಲು ಹುಡುಗೀನ ಕೇಳಿ ರೀ." ನಾನು ಕೇಳಲಿಲ್ಲ. ಸ್ಟೋರಿನಕ್ಕನಿಗೆ ಕಾರ್ಖಾನೆಯ ವಿಳಾಸಕ್ಕೆ ನೇರವಾಗಿ ಬರೆದಿದ್ದೇನೆ. ಆ ಫರ್ಮಾ ನನ್ನ ಮೇಜಿನ ಮೇಲೆ ಬರುವವರೆಗೆ ಯಾವ ಕಾಗದಕ್ಕೂ ನನ್ನ ಸಹಿ ಇಲ್ಲ. ಕೋರ್ಸಿಗೂ ಇಲ್ಲ. ಕೋಪ ಮಾಡಿಕೋ, ಪರವಾಗಿಲ್ಲ.

ನಿನ್ನ ಮಾವ

*

ಆಗಸ್ಟ್ 27

ಬೈಂಡರಣ್ಣನವರಿಗೆ,

ಸ್ಟೋರಿನವಳ ನಮಸ್ಕಾರ. ನಿಮ್ಮ ಪತ್ರ ಮ್ಯಾನೇಜರ ಕೈಗೆ ಹೋಗಿ, ಅವರು ಒಡೆದು ಓದಿ, ಆಮೇಲೆ ನನಗೆ ಕೊಟ್ಟರು. ನೀವು ನನ್ನನ್ನು ಕಳ್ಳಿ ಎಂದು ಬರೆದಿಲ್ಲ, "ಕೈಚಳಕದವರು" ಎಂದಿದ್ದೀರಿ. ಅಷ್ಟಾದರೂ ಮರ್ಯಾದೆ ಇಟ್ಟುಕೊಂಡಿದ್ದಕ್ಕೆ ಸಂತೋಷ.

ನನಗೇನು ಲಾಭ ಎಂದು ಕೇಳಿದ್ದೀರಿ. ಸ್ಕೀಮಿಗೆ ಕಟ್ಟಿ ಅತ್ತವಳು ನನ್ನ ಸ್ವಂತ ತಂಗಿ. ಲಾಭ ಇದ್ದರೆ ಅದೇ.

ದಾರ ಕೊಯ್ದದ್ದು ನಾನೇ. ಎಂಟು ಜನಕ್ಕೆ ಇದ್ದದ್ದು ಒಂದೇ ಪುಸ್ತಕ. ಒಬ್ಬಳು ಮನೆಗೆ ಒಯ್ದರೆ ಏಳು ಜನ ಕಾಯಬೇಕು. ಅದಕ್ಕೇ ಬಿಚ್ಚಿ, ಆ ನಿಮ್ಮ ಫರ್ಮಾವೋ ಏನೋ, ಅದನ್ನು ಒಬ್ಬೊಬ್ಬಳಿಗೆ ಒಂದೊಂದು ಕೊಟ್ಟೆ. ಓದಿ ಮುಗಿಸಿದವರು ಅದಲುಬದಲು ಮಾಡಿಕೊಳ್ಳುತ್ತಾರೆ. ಊಟದ ಡಬ್ಬಿಯ ಚೀಲದಲ್ಲಿ ಆರಾಮಾಗಿ ಹಿಡಿಸುತ್ತದೆ. ನಿಮಗೆ ಇದನ್ನು ಹೇಳಬೇಡಿ ಎಂದು ನಿಮ್ಮ ಹುಡುಗಿ ಬೇಡಿಕೊಂಡಿದ್ದಳು. "ಪುಸ್ತಕ ಬಿಚ್ಚಿದ್ದೀವಿ ಅಂದ್ರೆ ಮಾವ ಊಟ ಬಿಡ್ತಾರೆ" ಅಂದಳು.

ನಿಮಗೆ ತೋರಿಸಲೆಂದು ಎಲ್ಲರಿಂದ ಬಿಡಿಭಾಗಗಳನ್ನು ಒಟ್ಟುಮಾಡಿದವಳೂ ಅವಳೇ, ಗೋಂದು ಹಚ್ಚಿದವಳೂ ಅವಳೇ. ಆರನೆಯದು ಮೊದಲಿಂದಲೂ ಅವಳ ಹತ್ತಿರವೇ ಇದೆ. ಬದಲಿಗೆ ಬೇರೆ ತಗೋ ಎಂದರೂ ಬಿಡುತ್ತಿಲ್ಲ. ಹಾಗಾಗಿ ಅದರಲ್ಲಿ ಏನಿದೆ ಎಂದು ನನಗೂ ಪೂರ್ತಿ ಗೊತ್ತಿಲ್ಲ. ಓದದವರಲ್ಲಿ ನಾನೂ ಒಬ್ಬಳು.

ಅನುಮಾನಪಡುವುದು ತಪ್ಪಲ್ಲ ಅಣ್ಣ, ಈ ಕಾಲಕ್ಕೆ ಅದು ಬೇಕು. ಆದರೆ ನಿಮ್ಮ ಹುಡುಗಿ ನಿಮ್ಮ ಕಾಗದ ಬಂದಾಗಿನಿಂದ ಯಾರ ಜೊತೆಯೂ ಮಾತಾಡುತ್ತಿಲ್ಲ.

ಇತಿ
ಸ್ಟೋರಿನವಳು

*

ಸೆಪ್ಟೆಂಬರ್ 6

ಮಾವ,

ಆರನೇ ಫರ್ಮಾ ಇದರ ಜೊತೆಗಿದೆ.

ಗೋಂದು ಹಚ್ಚಿದರೆ ಗೊತ್ತಾಗುವುದಿಲ್ಲ ಅಂದುಕೊಂಡೆ. ಯಾರಿಗೆ ಕಳಿಸುತ್ತಿದ್ದೇನೆ ಅನ್ನುವುದನ್ನೇ ಮರೆತಿದ್ದೆ.

ಅದರ ಮೊದಲ ಪುಟ ಓದಿದರೆ ಯಾಕೆ ತೆಗೆದೆ ಅಂತ ತಿಳಿಯುತ್ತೆ. ನೀವು ಅಂದುಕೊಂಡ ಹಾಗೆ ಹೊರಗಿನವರ ಬಗ್ಗೆ ಅಲ್ಲ ಅದು ಶುರುವಾಗುವುದು. ನಿಮ್ಮ ಕೈಗೆ ಅದನ್ನು ಕೊಡಲು ನನಗೆ ಕೈ ಬರಲಿಲ್ಲ. ಅಮ್ಮ ಹೋದ ಮೇಲೆ ನನಗೆ ಚಪ್ಪಲಿ ಕೊಡಿಸಿದವರು, ಜ್ವರ ಬಂದರೆ ರಾತ್ರಿಯೆಲ್ಲ ಕೂತವರು ನೀವು. ಅಂಥವರಿಗೆ ಈ ಪುಟ ಹೇಗೆ ತೋರಿಸಲಿ?

ಪೆನ್ಸಿಲಿನ ಗುರುತುಗಳು ನನ್ನವು. ಅಳಿಸೋಣ ಅಂತ ರಬ್ಬರ್ ತಗೊಂಡೆ. ಆಮೇಲೆ ಅಳಿಸಲಿಲ್ಲ. ಅಳಿಸಿದರೆ ಇನ್ನೊಂದು ಸಲ ಗೋಂದು ಹಚ್ಚಿದ ಹಾಗೆ.

ಸ್ಟೋರಿನಕ್ಕನನ್ನು ಮ್ಯಾನೇಜರು ಕರೆಸಿ ಕೇಳಿದರು. ಅವರು ನನ್ನ ಹೆಸರು ಎತ್ತಲಿಲ್ಲ.

ಸಹಿ ಹಾಕುವುದು ಬಿಡುವುದು ನಿಮ್ಮಿಷ್ಟ. ಕೋರ್ಸಿಗೆ ಹೆಸರು ಕೊಡಲು ಕೊನೆಯ ದಿನ ಅಕ್ಟೋಬರ್ ಇಪ್ಪತ್ತು.

ಚೋಟು

*

ಸೆಪ್ಟೆಂಬರ್ 21

ಚೋಟು,

ಓದಿದೆ. ಎರಡು ಸಲ ಓದಿದೆ. ನಿನ್ನ ಅತ್ತೆಗೂ ಓದಿ ಹೇಳಿದೆ.

"ನಿಮ್ಮ ಹಣ ಇನ್ನೊಬ್ಬರ ಕೈಯಲ್ಲಿದ್ದರೆ, ಅವರು ಎಷ್ಟೇ ಹತ್ತಿರದವರಾಗಿರಲಿ, ವರ್ಷಕ್ಕೊಮ್ಮೆ ಲೆಕ್ಕ ಕೇಳಿ. ಹತ್ತಿರದವರು ಮೋಸ ಮಾಡುತ್ತಾರೆಂದಲ್ಲ, ಕೇಳದೆ ಉಳಿದದ್ದು ಹುಳಿಯುತ್ತದೆ ಎಂದು. ಕೇಳಿದಾಗ ಅವರು ಬೇರೆ ಮಾತು ಎತ್ತಿದರೆ, ಬೇಸರಿಸದೆ ಇನ್ನೊಮ್ಮೆ ಕೇಳಿ."

ಬೇರೆ ಮಾತು ಎತ್ತಿದರೆ ಅನ್ನುವುದರ ಕೆಳಗೆ ಗೆರೆ. ಪಕ್ಕದಲ್ಲಿ ನಿನ್ನ ಕೈಬರಹದಲ್ಲಿ ಒಂದೇ ಪದ: ಮಳೆ.

ನನಗೆ ಮೊದಲು ಕೋಪವೇ ಬಂತು, ಸುಳ್ಳು ಯಾಕೆ ಹೇಳಲಿ. ಎದ್ದು ಹೋಗಿ ರಸೀದಿ ಇಟ್ಟಿರುವ ಡಬ್ಬ ತೆಗೆದು, ನಿನ್ನ ಅತ್ತೆಯ ಮುಂದೆ ಬಡಿದೆ. "ನೋಡು, ಒಂದು ಕಾಸು ಮುಟ್ಟಿದ್ದೀನಾ?" ಅವಳು ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು. "ಮುಟ್ಟಿಲ್ಲ ಅಂತ ನಂಗೊತ್ತು. ಅವಳಿಗೆ ಹೇಗೆ ಗೊತ್ತಾಗಬೇಕು? ನಕಲು ಕೇಳಿದ್ಲು, ಕೊಡ್ಲಿಲ್ಲ."

ನಕಲು ಕೊಟ್ಟರೆ ಅದು ಆ ಸ್ಟೋರಿನಕ್ಕನ ಕೈಗೆ ಹೋಗುತ್ತೆ ಅಂತ ಹೆದರಿದೆ ಅಂದೆ. "ಅದೂ ಇರಬಹುದು," ಅಂದಳು. "ಆ ರಸೀದಿ ನಿಮ್ಮ ಹತ್ತಿರ ಇರೋವರೆಗೆ ಅವಳು ವರ್ಷಕ್ಕೊಂದು ಸಲ ಬಂದು ಎರಡು ದಿನ ಇರ್ತಾಳೆ, ಕೊಟ್ಟುಬಿಟ್ರೆ ಬರೋದಿಲ್ಲ ಅನ್ನೋ ಭಯ. ಅದೂ ಇರಬಹುದು." ನಾನು ಹಾಗೇನಿಲ್ಲ ಅಂದೆ. ಹಾಗೆ ಹೇಳಿ ಹೊಲಿಗೆಗೆ ಕೂತೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪುಟದ ಅಂಚಿನಲ್ಲಿ ನೀನು ಬರೆದ ಪ್ರಶ್ನೆಗಳಿಗೆ ಉತ್ತರ. ಮೂಲ ರಸೀದಿ ನನ್ನ ಮಂಚದ ಕೆಳಗಿನ ತಗಡಿನ ಡಬ್ಬದಲ್ಲಿದೆ, ನಕಲು ಇದರ ಜೊತೆಗಿದೆ. ಬಡ್ಡಿಯ ದರ ಹಾಳೆಯ ಬಲಗಡೆ, ಕೆಳಗೆ. ಕಡಿಮೆ ಇದೆ, ಒಪ್ಪುತ್ತೇನೆ. ಹೋದ ಸಲ ಮುಂದುವರಿಸುವಾಗ ನಾನು ಬೇರೆ ಬ್ಯಾಂಕು ವಿಚಾರಿಸಲಿಲ್ಲ. ನನಗೆ ಏನಾದರೂ ಆದರೆ ಎಲ್ಲವೂ ನಿನಗೇ ಬರುವಂತೆ ಬರೆಸಿದೆ. ಹೌದು, ಹೇಳದೇ ಇದ್ದರೆ ತಾವಾಗಿಯೇ ಐದು ವರ್ಷಕ್ಕೆ ಹಾಕುತ್ತಾರೆ. ಒಂದು ಭಾಗ ತೆಗೆದು ಉಳಿದದ್ದನ್ನು ಮತ್ತೆ ಇಡಬಹುದಾ ಅಂತ ನೀನು ಕೇಳಿದ್ದೀಯ. ಅದು ನನಗೆ ಗೊತ್ತಿಲ್ಲ, ಬ್ಯಾಂಕಿನಲ್ಲೇ ಕೇಳಬೇಕು.

ಸ್ಟೋರಿನಕ್ಕನಿಗೂ ಅವರ ಮ್ಯಾನೇಜರಿಗೂ ಬೇರೆ ಬೇರೆ ಕಾಗದ ಬರೆದು ತಪ್ಪು ನನ್ನದು ಅಂತ ತಿಳಿಸಿದ್ದೇನೆ. ಆದರೂ ಆಕೆ ಇಷ್ಟು ಚೆನ್ನಾಗಿ ಪತ್ರ ಬರೆಯುತ್ತಾಳಲ್ಲ, ಅದೊಂದು ನನಗೆ ಇನ್ನೂ ಸರಿಬರುತ್ತಿಲ್ಲ. ಕಣ್ಣಿಟ್ಟಿರು. ನನ್ನ ಮೇಲೂ ಇಡು.

ಪುಸ್ತಕವನ್ನು ನಾನು ಕಟ್ಟಲಿಲ್ಲ. ಹೊಲಿಯಲು ದಾರ ಪೋಣಿಸಿದವನು ನಿಲ್ಲಿಸಿಬಿಟ್ಟೆ. ಎಂಟು ಜನಕ್ಕೆ ಒಂದೇ ಪುಸ್ತಕ ಅಂದಮೇಲೆ ಬಿಡಿಯಾಗಿರುವುದೇ ಸರಿ. ಒಂದೊಂದು ಫರ್ಮಾಕ್ಕೂ ಒಂದೊಂದು ತೆಳುವಾದ ಹೊದಿಕೆ ಹಾಕಿ ಹೊಲಿದಿದ್ದೇನೆ, ಎಂಟೂ ಕೂರುವ ಹಾಗೆ ಒಂದು ರಟ್ಟಿನ ಪೆಟ್ಟಿಗೆ ಮಾಡಿದ್ದೇನೆ. ಬ್ಲೇಡಿನ ಕೆಲಸ ಇನ್ನು ಸಾಕು ಅಂತ ಹೇಳು ಆಕೆಗೆ. ಆರನೆಯದಕ್ಕೆ ಮಾತ್ರ ಬಟ್ಟೆಯ ಹೊದಿಕೆ. ಅದು ಹೆಚ್ಚು ಕೈ ಬದಲಾಗಬೇಕು, ನೀನು ಹಿಡಿದಿಟ್ಟುಕೊಂಡದ್ದು ಸಾಕು. ನಿನ್ನ ಪೆನ್ಸಿಲ್ ಗುರುತು ಹಾಗೇ ಇದೆ. ನಾನೂ ಅಳಿಸಲಿಲ್ಲ.

ಸಹಿ ಹಾಕಿ ಕಳಿಸೋಣ ಅಂತ ಪೆನ್ನು ತೆಗೆದೆ. ಆಮೇಲೆ ಬೇಡ ಅನ್ನಿಸಿತು. ಅಕ್ಟೋಬರ್ ಮೊದಲ ವಾರ ನೀನೇ ಬಾ. ಸಹಿಯ ನೆಪ ತೆಗೆಯುತ್ತಿದ್ದೇನೆ ಅಂತ ನಿನ್ನ ಅತ್ತೆ ಹೇಳಿದರೆ ನಂಬಬೇಡ. ಬ್ಯಾಂಕಿಗೆ ಒಟ್ಟಿಗೆ ಹೋಗೋಣ. ಕೌಂಟರಿನ ಮುಂದೆ ನಾನು ಬಾಯಿ ಬಿಡುವುದಿಲ್ಲ, ನೀನು ಕೇಳಬೇಕು. ಎಷ್ಟಿತ್ತು, ಎಷ್ಟಾಗಿದೆ, ನಡುವೆ ಯಾರಾದರೂ ಮುಟ್ಟಿದ್ದಾರಾ, ಒಂದೂ ಬಿಡದೆ ಕೇಳು. ಸುತ್ತ ನಿಂತವರು ತಿರುಗಿ ನೋಡಿದರೂ ಪರವಾಗಿಲ್ಲ, ಗಟ್ಟಿಯಾಗಿ ಕೇಳು.

ನನ್ನ ಎಡಗಿವಿ ಸ್ವಲ್ಪ ವಾಸಿ. ಆ ಕಡೆ ನಿಂತುಕೋ.

ನಿನ್ನ ಮಾವ